ಎಲ್ಲ ವರದಿಗಳೂ ಒಂದೇ ಗುಂಪಿಗೆ

ಶಿರಸಿ
೯ ಡಿಸೆಂಬರ್ ೨೦೦೩

ನನ್ನ ಶಶಾಂಕ,

ಹೇಗಿದ್ದೀಯ? ಯಲ್ಲಾಪುರಕ್ಕೆ ಹೋದಮೇಲೆ ಕೆಮ್ಮು ಕಡಿಮೆಯಾಯಿತಾ? ಸ್ವೆಟರ್ ಹಾಕಿಕೊಳ್ಳುತ್ತಿದ್ದೀಯ ತಾನೇ? ಅತ್ತೆಯ ಎದುರು ನಿನ್ನ ಹೆಸರು ಹೇಳಲು ನಾಚಿಕೆ, ಅದಕ್ಕೇ ಇಲ್ಲಿ ಮನಸಾರೆ ಬರೆಯುತ್ತೇನೆ: ಶಶಾಂಕ, ಶಶಾಂಕ, ಶಶಾಂಕ. ಮದುವೆಯಾದ ಎರಡನೇ ತಿಂಗಳಿಗೇ ಗಂಡನ ಕಂಪ್ಯೂಟರ್ ಪ್ರೋಗ್ರಾಮಿನ ತಪ್ಪುಗಳನ್ನು ವಿಂಗಡಿಸಲು ಕೂತ ಹೆಂಡತಿ ಈ ಊರಿನಲ್ಲಿ ಇನ್ನೊಬ್ಬಳಿದ್ದರೆ ತೋರಿಸು.

ರೈತರ ಬೆಳೆಯ ಲೆಕ್ಕವಿಡುವ ನಿನ್ನ ಪ್ರೋಗ್ರಾಂ ನಿಂತಾಗಲೆಲ್ಲ ಸಹಕಾರಿ ಸೊಸೈಟಿಗಳು ಕಳಿಸಿದ ವರದಿಗಳನ್ನು ನೀನು ಊರಿನ ಪ್ರಕಾರ ಕಟ್ಟಿಟ್ಟಿದ್ದೆ. ಕಾನಸೂರಿನವರು ಕರೆಂಟು ಹೋಯಿತು ಎಂದಿದ್ದರು, ದೊಡ್ಮನೆಯವರು ಮೌಸ್ ಕೆಟ್ಟಿತು ಎಂದು, ಎಕ್ಕಂಬಿಯವರು ಒಳಗೆ ಇರುವೆ ಹೊಕ್ಕಿದೆ ಎಂದು. ನೀನೂ ನಂಬಿ ಮೌಸ್ ಬದಲಿಸಿದೆ, ಇರುವೆ ಪುಡಿ ಹಾಕಿ ಬಂದೆ, ನನ್ನ ಮುದ್ದು ಗಂಡನೇ. ನಾನು ಅವರು ಹೇಳಿದ ಕಾರಣ ಬಿಟ್ಟು, ಪರದೆಯ ಮೇಲೆ ಕೊನೆಗೆ ಮೂಡಿದ ದೋಷದ ಸಾಲನ್ನಷ್ಟೇ ನೋಡಿ ಗುಂಪು ಮಾಡಿದೆ. ಹಾಸಿಗೆಯ ತುಂಬ ಗುಂಪುಗಳಾಗುತ್ತವೆ ಎಂದುಕೊಂಡಿದ್ದೆ. ಒಂದೇ ಗುಂಪಾಯಿತು. ಪ್ರತಿ ಸಲವೂ ನಿಂತದ್ದು, ಗೋದಾಮಿನಲ್ಲಿಟ್ಟ ಕಾಳುಮೆಣಸನ್ನು ಒಂದು ಖಾತೆಯಿಂದ ಇಬ್ಬರಿಗೆ ಹಂಚುವಲ್ಲಿ.

ಕಾನಸೂರಿನ ಕಾರ್ಯದರ್ಶಿ ಕಮಲಾಕರ ಮಾವನಿಗೆ ಫೋನ್ ಮಾಡಿದೆ. ಮೊದಲು "ಎಂತ ಇಲ್ಲೆ ಕೂಸೆ, ಕರೆಂಟೇ ಅದು" ಎಂದರು. ನಾನು ಬಿಡಲಿಲ್ಲ. ಕೊನೆಗೆ, "ಅಣ್ಣತಮ್ಮ ಹಿಸ್ಸೆಯಾದ ಮನೆ ಖಾತೆ ತೆಗೆದ್ರೆ ನಿಲ್ತು. ಮನೆ ಒಡೆದ ಸುದ್ದಿ ಹೊಸ ಮದುಮಗನ ಹತ್ರ ಎಂತಕ್ಕೆ ಹೇಳದು ಹೇಳಿ ಸುಮ್ಮನಾದ್ಯ" ಎಂದರು. ಅಂದರೆ ಕರೆಂಟು ಬರಿಯ ನೆಪ; ಉಳಿದೆರಡು ಊರಿನವರೂ ಅದನ್ನೇ ಒಪ್ಪಿದರು.

ನಗು ಬಂತು, ಹೆಚ್ಚು ಹೊತ್ತು ಇರಲಿಲ್ಲ. ಮತ್ತೆ ಚಾಲೂ ಮಾಡಿದಾಗಲೆಲ್ಲ ಪ್ರೋಗ್ರಾಂ ಇಡೀ ಮೆಣಸನ್ನು ಖಾತೆಯಲ್ಲಿ ಮೊದಲಿರುವ ಅಣ್ಣನ ಹೆಸರಿಗೇ ಬರೆದಿದೆ. ಹೀಗೆ ಹಿಸ್ಸೆಯಾದ ಎಕ್ಕಂಬಿಯ ಮಾಸ್ತಿಯ ಅಣ್ಣ, ತಮ್ಮನ ಪಾಲೂ ಸೇರಿ ಅಷ್ಟನ್ನೂ ಮಾರಿಯೂ ಆಗಿದೆ. ಮಾಸ್ತಿ ಅಣ್ಣನ ಸಂಗಡ ಮಾತು ಬಿಟ್ಟಿದ್ದಾನೆ, ತಾಯಿಯ ವರ್ಷಾಂತದ ತಿಥಿಗೂ ಹೋಗಲಿಲ್ಲ. ತಪ್ಪು ಕಂಪ್ಯೂಟರಿನದು ಎಂದು ಫೋನಿನಲ್ಲಿ ಹೇಳಿ ನೋಡಿದೆ. "ಮಷಿನಿಗೆ ನಮ್ಮಣ್ಣನ ಹೆಸರೇ ಹೆಂಗೆ ನೆನಪಾತು ಅಕ್ಕೋರೆ?" ಎಂದು ಇಟ್ಟುಬಿಟ್ಟ.

ಒಂದು ಖಾತೆಗೆ ಒಬ್ಬನೇ ಮಾಲೀಕ ಎಂದುಕೊಂಡು ನೀನು ಎಲ್ಲ ಕಟ್ಟಿದ್ದೀಯ. ಬುಡದಿಂದ ಬರೆಯಬೇಕು. ಅಷ್ಟು ದಿನ ಯಾರೂ ಕಾಯುವುದಿಲ್ಲವಂತೆ, ಮೂರೂ ಕಡೆ ಕಂಪ್ಯೂಟರಿಗೆ ಬಟ್ಟೆ ಮುಚ್ಚಿ ಪುಸ್ತಕದ ಲೆಕ್ಕಕ್ಕೆ ಮರಳಿದ್ದಾರೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ. ನನ್ನ ಪ್ರೀತಿ ಈ ಹಾಳೆಗೆ ಹಿಡಿಸುವುದಿಲ್ಲ.

ನಿನ್ನವಳು,
ಸ್ಫೂರ್ತಿ

ಮರೆತಿದ್ದೆ: ಅಲ್ಲಿನ ಫೋನು ಸತ್ತಿದೆ, ಪಕ್ಕದ ಮನೆಯ ಗೌರಕ್ಕ ಯಲ್ಲಾಪುರದ ಬಸ್ಸಿಗೆ ಹೊರಟು ನಿಂತಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನಮಗೆ ಉಳಿದಿರುವುದು ಅಲ್ಲಿನ ಸೊಸೈಟಿಯ ಕೆಲಸ ಒಂದೇ, ಗೊತ್ತು. ಆದರೂ ಈ ಪ್ರೋಗ್ರಾಂ ಅಲ್ಲಿ ಹಾಕಬೇಡ. ಹಾಕಿಯಾಗಿದ್ದರೆ ತೆಗೆದು ಬಾ. ಆಮೇಲೆ ಏನು ಮಾಡುವುದೋ ನನಗೂ ತಿಳಿಯದು.