ಆರನೆಯ ಆಲ್ಬಂ ಬಗ್ಗೆ ಮ್ಯಾಕ್ಸೀನ್‌ಗೆ

ಕ್ರ್ಯಾಡ್ಲಿ ಹೀತ್
೧೨ ನವೆಂಬರ್ ೨೦೨೩, ಭಾನುವಾರ

ಪ್ರೀತಿಯ ಮ್ಯಾಕ್ಸೀನ್,

ಬಾರ್ಮತ್‌ನಿಂದ ನೀನು ಬರೆದ ಎರಡು ಕಾಗದಗಳೂ ತಲುಪಿವೆ. ಒಂದು ಜೂನ್‌ನಲ್ಲಿ ಬಂತು, ಇನ್ನೊಂದು ಆಗಸ್ಟ್‌ನಲ್ಲಿ. ಉತ್ತರ ಇವತ್ತು ಬರೆಯುತ್ತಿದ್ದೇನೆ. ಮೊಣಕಾಲು ನೋವು ಎಂದು ನೆಪ ಹೇಳಬಹುದಿತ್ತು. ಆದರೆ ‘ನೀನು ಮೊಣಕಾಲಲ್ಲಿ ಕಾಗದ ಬರೀತೀಯಾ?’ ಎಂದು ನೀನು ಕೇಳುವುದು ಇಲ್ಲಿಂದಲೇ ಕೇಳಿಸುತ್ತಿದೆ. ತಪ್ಪಾಯಿತು, ಕ್ಷಮಿಸು.

ಸಮುದ್ರದ ಗಾಳಿ ಒಗ್ಗಿದೆ, ಕೆಮ್ಮು ಕಡಿಮೆಯಾಗಿದೆ ಎಂದು ಓದಿ ಸಮಾಧಾನವಾಯಿತು. ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಇಲ್ಲ. ಹೈ ಸ್ಟ್ರೀಟಿನ ಮಾಂಸದಂಗಡಿ ಮುಚ್ಚಿತು. ಒಳ್ಳೆಯ ಹಂದಿ ಮಾಂಸದುಂಡೆ ತಿನ್ನಬೇಕಾದರೆ ಈಗ ಬಸ್ಸು ಹತ್ತಿ ಡಡ್ಲಿಗೆ ಹೋಗಬೇಕು. ನಿನ್ನ ಲೆನ್ನಿಯ ಸಮಾಧಿಗೆ ಹೋಗಿ ಎಲೆ ಗುಡಿಸಿ ಬಂದೆ. ಅವನು ಹೋಗಿ ಎಂಟು ತಿಂಗಳಾಯಿತು ಅನ್ನುವುದು ನನಗಿನ್ನೂ ಲೆಕ್ಕಕ್ಕೆ ಸಿಗುತ್ತಿಲ್ಲ.

ಸೆಪ್ಟೆಂಬರ್‌ನಲ್ಲಿ ವರ್ನನ್ ಮನೆಗೆ ಬಂದಿದ್ದ. ಅವನ ಹೆಸರು ಕಂಡರೆ ನೀನು ಕಾಗದ ಮಡಚಿಡುತ್ತೀಯ ಎಂದು ಗೊತ್ತು. ದಯವಿಟ್ಟು ಮಡಚಬೇಡ. ಐವತ್ತು ವರ್ಷ ಕೂಗಿ ಕೂಗಿ ಹಾಡಿದವನಿಗೆ ಈಗ ಎರಡೂ ಕಿವಿಗೆ ಯಂತ್ರ. ‘ಕೋಲ್ಡ್ ಬಾಯ್ಲರ್’ ತಂಡದ ಎಂಟೂ ಆಲ್ಬಂಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹೊರತರುತ್ತಾರಂತೆ. ಅದರ ಜೊತೆಗೆ ಒಂದು ಪುಸ್ತಿಕೆ, ಎಂಟು ಆಲ್ಬಂಗಳ ಕಥೆ.

“ನೀನೇ ಬರೀಬೇಕು ಕಣೋ ಕ್ಲೈವ್. ಮೊದಲನೇ ದಿನದಿಂದ ಕೇಳಿದೋನು ನೀನೊಬ್ಬನೇ ಉಳಿದಿರೋದು.”

“ಲಂಡನ್ನಿನೋರು ಯಾರನ್ನಾದ್ರೂ ಹಿಡಿಯೋ. ಚೆನ್ನಾಗಿ ಬರೀತಾರೆ.”

“ಲಂಡನ್ನೋರಿಗೆ ನಮ್ಮ ಮಾತೇ ಅರ್ಥ ಆಗಲ್ಲ. ಇನ್ನು ನಮ್ಮ ಗದ್ದಲ ಅರ್ಥ ಆಗುತ್ತಾ?”

ಒಪ್ಪಿಕೊಂಡೆ. ಮಾರನೆಯ ದಿನವೇ ಮೇಜಿನ ಮುಂದೆ ಕೂತೆ. ಮೊದಲನೆಯ ಆಲ್ಬಂ ‘ಮೊದಲ ಪಾಳಿ’ ಬಗ್ಗೆ ಬರೆಯಲು ಕಷ್ಟವಾಗಲಿಲ್ಲ. ಎಪ್ಪತ್ತೈದರಲ್ಲಿ ತಂಡದ ನಾಲ್ಕೂ ಜನ ಸರಪಳಿ ಕಾರ್ಖಾನೆಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ, ಬರ್ಮಿಂಗ್‌ಹ್ಯಾಂಗೆ ಹೋಗಿ, ಮೂರೇ ದಿನದಲ್ಲಿ ಮುಗಿಸಿದ್ದು. ಲೆನ್ನಿ ಮೊದಲ ಪ್ರತಿಯನ್ನು ಕೋಟಿನೊಳಗೆ ಇಟ್ಟುಕೊಂಡು ನಮ್ಮನೆಗೇ ತಂದ. ನನಗೆ ತೋರಿಸಲು ಬಂದೆ ಅಂದ, ಆದರೆ ನೋಡುತ್ತಿದ್ದುದು ನಿನ್ನನ್ನು. ನಿನಗೆ ಹದಿನೆಂಟು. ಅಮ್ಮ ಎರಡು ಹಾಡು ಕೇಳಿ ಅಂದಳಲ್ಲ: “ಬಾಯ್ಲರ್ ಕೆಟ್ಟಿದ್ರೆ ರಿಪೇರಿಯೋನ್ನ ಕರೀಬೇಕಪ್ಪಾ. ರೆಕಾರ್ಡ್ ಮಾಡ್ಕೊಂಡು ಬರ್ತಾರಾ?” ಹಾಗಂದು ಅವನಿಗೆ ಬಟಾಣಿ, ಬೇಕನ್ ಎರಡು ಸಲ ಬಡಿಸಿದಳು. ಇದನ್ನೆಲ್ಲ ಬರೆದೆ. ಬರೆಯುತ್ತ ಒಬ್ಬನೇ ನಕ್ಕೆ.

ಎರಡನೆಯದರಲ್ಲಿ ಹೇಳುವಂಥದ್ದು ಕಡಿಮೆ, ಅವಸರದ ಅಡುಗೆ. ಮೂರನೆಯದು ‘ಕಾಲುವೆ ನೀರು’, ನಿನ್ನ, ಲೆನ್ನಿಯ ಮದುವೆಯ ವರ್ಷದ್ದು. ಅದರ ಬಗ್ಗೆ ಆರು ಪುಟವಾಯಿತು. ಕೊನೆಯ ಹಾಡಿನಲ್ಲಿ ಗಿಟಾರು ನಿಂತ ಮೇಲೂ ಲೆನ್ನಿ ಒಬ್ಬನೇ ಡ್ರಮ್ಮು ಬಾರಿಸುತ್ತ ಮುಂದುವರಿಯುತ್ತಾನಲ್ಲ, ಯಾರೋ ಮನೆಗೆ ನಡೆದು ಹೋಗುತ್ತಿರುವ ಹಾಗೆ. ಅಂಥದ್ದು ಬೇರೆ ಯಾರೂ ಬಾರಿಸಿದ್ದನ್ನು ನಾನು ಕೇಳಿಲ್ಲ. ನಾಲ್ಕನೆಯದು ನಮಗೆಲ್ಲ ನಾಚಿಕೆ: ಉದ್ದ ಕೂದಲು, ಹೊಳೆಯುವ ಪ್ಯಾಂಟು, ಎಲ್ಲ ಹಾಡಿಗೂ ಕೀಬೋರ್ಡು. “ನನ್ನ ಡ್ರಮ್ಮು ಪಕ್ಕದ ಮನೆ ಬಚ್ಚಲಲ್ಲಿ ಇಟ್ಟು ಬಾರಿಸಿದಂಗಿದೆ” ಎಂದು ಲೆನ್ನಿಯೇ ಬೈದುಕೊಂಡಿದ್ದ.

ಐದನೆಯದು ‘ಬೀಗ ಬಿದ್ದ ಗೇಟು’, ಎಂಬತ್ತಾರರದ್ದು. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಎರಕದ ಕಾರ್ಖಾನೆ ಮುಚ್ಚಿತ್ತು. ಮೂವತ್ತೊಂದು ವಯಸ್ಸಿಗೆ ನಾನು ಯಾರಿಗೂ ಬೇಡದವನಾಗಿದ್ದೆ. ಆಗ ಶುರು ಮಾಡಿದ್ದು ಅಭಿಮಾನಿಗಳ ಪತ್ರಿಕೆ, ‘ಬಾಯ್ಲರ್ ವಾರ್ತೆ’. ಹನ್ನೆರಡು ಪುಟ, ನಾನೇ ಟೈಪ್ ಮಾಡಿ, ಗ್ರಂಥಾಲಯದಲ್ಲಿ ಪ್ರತಿ ತೆಗೆಸಿ, ನಿನ್ನ ಅಡುಗೆಮನೆಯ ಮೇಜಿನ ಮೇಲೆ ಮಡಚಿ ಅಂಚೆಗೆ ಹಾಕುತ್ತಿದ್ದದ್ದು. ಜರ್ಮನಿಯಿಂದ, ಜಪಾನಿನಿಂದ ಕಾಗದ ಬರುತ್ತಿದ್ದವು. ಅದರಲ್ಲಿ ಎಲ್ಲರೂ ಮೊದಲು ಓದುತ್ತಿದ್ದದ್ದು ‘ಹಳೇ ಕಿವಿ’ ಎಂಬ ಹೆಸರಿನಲ್ಲಿ ಬರುತ್ತಿದ್ದ ವಿಮರ್ಶೆ. ಯಾರು ಈ ಹಳೇ ಕಿವಿ ಎಂದು ಕೇಳಿದವರಿಗೆಲ್ಲ ನಾನು, ಕೊವೆಂಟ್ರಿಯಿಂದ ಯಾರೋ ಅಂಚೆಯಲ್ಲಿ ಕಳಿಸುತ್ತಾರೆ ಅನ್ನುತ್ತಿದ್ದೆ.

ಆರನೆಯ ಆಲ್ಬಂಗೆ ಬಂದಾಗ ಪೆನ್ನು ನಿಂತಿತು. ಏಳು ವಾರವಾದರೂ ಒಂದು ಸಾಲು ಹುಟ್ಟಲಿಲ್ಲ.

ತೊಂಬತ್ತೆರಡರ ಅಕ್ಟೋಬರ್. ‘ಕಪ್ಪು ಹಿಮ’. ಹಳೇ ಕಿವಿ ಬರೆದದ್ದು ನಿನಗೆ ಬಾಯಿಪಾಠ: “ಡ್ರಮ್ಮರನ ಎಡಗೈ ದಣಿದಿದೆ. ಕೈ ಅವನ ಮಾತು ಕೇಳುತ್ತಿಲ್ಲ. ಈ ತಂಡ ಉಳಿಯಬೇಕಾದರೆ ಹೊಸ ಕೈ ಬೇಕು.” ವರ್ನನ್ ಅದನ್ನು ಅಭ್ಯಾಸದ ಕೋಣೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ತಮಾಷೆಗೆಂದೇ ಶುರು ಮಾಡಿದನಂತೆ, ಆದರೆ ಓದಿ ಮುಗಿಸಿದಾಗ ಯಾರೂ ನಗಲಿಲ್ಲ. ಲೆನ್ನಿ ಕಡ್ಡಿಗಳನ್ನು ಡ್ರಮ್ಮಿನ ಮೇಲಿಟ್ಟು ಬಸ್ಸು ಹತ್ತಿ ಮನೆಗೆ ಬಂದ. ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ಕೂತಿದ್ದ ಎಂದು ನೀನೇ ನನಗೆ ಹೇಳಿದ್ದು. ಹದಿನೈದು ದಿನದಲ್ಲಿ ಬೇರೆ ಡ್ರಮ್ಮರ್ ಬಂದ. ಮರುವರ್ಷ ಡಾಕ್ಟರು ಲೆನ್ನಿಯ ಕೈ ನಡುಕಕ್ಕೆ ಒಂದು ಹೆಸರು ಕೊಟ್ಟರು.

“ಕಾಯಿಲೆ ಅವನ ಕೈನ ತಿಂತು, ಆ ಬರಹ ಅವನನ್ನೇ ತಿಂತು” ಅಂದೆ ನೀನು. ಲೆನ್ನಿಯನ್ನು ಕಳಿಸಲು ವರ್ನನ್‌ನೇ ಕಳ್ಳ ಹೆಸರಿನಲ್ಲಿ ಬರೆದ ಎಂದು ನೀನು ನಂಬಿದೆ. ಮೂವತ್ತು ವರ್ಷ ಅವನ ಜೊತೆ ಮಾತು ಬಿಟ್ಟೆ. ಮಾರ್ಚ್‌ನಲ್ಲಿ ಶವಸಂಸ್ಕಾರದ ದಿನ ಅವನು ಚಾಪೆಲ್ಲಿನ ಎದುರು, ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. “ಅವನು ಒಳಗೆ ಕಾಲಿಟ್ರೆ ನಾನು ಹೊರಗೆ ಹೋಗ್ತೀನಿ. ಹೋಗಿ ಹೇಳು ಅವನಿಗೆ” ಎಂದು ನೀನು ನನ್ನನ್ನು ಕಳಿಸಿದೆ. ನಾನು ಹೋಗಿ ಹೇಳಿದೆ. ಅವನು ತಲೆಯಾಡಿಸಿ ಅಲ್ಲೇ ನಿಂತ. ಮಳೆ ಬರುತ್ತಿತ್ತು.

ಮ್ಯಾಕ್ಸೀನ್, ಕೊವೆಂಟ್ರಿಯಲ್ಲಿ ಯಾರೂ ಇರಲಿಲ್ಲ. ಹಳೇ ಕಿವಿ ನಾನೇ.

ಇದನ್ನು ಹೇಗೆ ಬರೆದರೂ ಹೀಗೇ ಕಾಣುತ್ತದೆ, ಅದಕ್ಕೇ ಸೀದಾ ಬರೆದೆ. ಆ ವಿಮರ್ಶೆ ಯಾಕೆ ಬರೆದೆ ಎಂದು ಕೇಳುತ್ತೀಯ. ‘ಆ ಹಳೇ ಕಿವಿಗೆ ಕೇಳಿಸದ್ದು ಏನೂ ಇಲ್ಲ’ ಎಂದು ಒಬ್ಬ ಓದುಗ ಬರೆದಿದ್ದ. ಆ ಮಾತು ನನ್ನ ತಲೆಗೇರಿತ್ತು. ಎರಕದ ಕೆಲಸ ಹೋದ ಮೇಲೆ ನನ್ನದು ಎಂದು ಹೇಳಿಕೊಳ್ಳಲು ಉಳಿದಿದ್ದದ್ದು ಅದೊಂದೇ. ಮೂರನೆಯ ಹಾಡಿನಲ್ಲಿ ಅವನ ಎಡಗೈ ಕೂದಲೆಳೆಯಷ್ಟು ಹಿಂದೆ ಬೀಳುವುದು ನನಗೆ ಕೇಳಿಸಿತು. ಕೇಳಿಸಿದ್ದನ್ನು ಹೇಳುವುದೇ ಅಭಿಮಾನಿಯ ನಿಯತ್ತು ಎಂದುಕೊಂಡೆ. ಆ ಬರಹಕ್ಕೆ ಅವನನ್ನು ತಂಡದಿಂದ ಎಬ್ಬಿಸಿ ಕಳಿಸುವ ಶಕ್ತಿಯಿದೆ ಎಂದು, ಆಣೆ ಮಾಡಿ ಹೇಳುತ್ತೇನೆ, ನಾನು ಯೋಚಿಸಿರಲಿಲ್ಲ. ಆಮೇಲೆ ಬಾಯಿ ಬಿಡಲು ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಕಷ್ಟವಾಯಿತು. ಬುಧವಾರ ಬುಧವಾರ ಬಂದು ಅವನಿಗೆ ಗಡ್ಡ ಹೆರೆಯುತ್ತಿದ್ದೆನಲ್ಲ, ‘ಎಂಥ ಒಳ್ಳೇ ಅಣ್ಣ ನನಗೆ’ ಎಂದು ನೀನು ನೆರೆಯವರಿಗೆ ಹೇಳುತ್ತಿದ್ದೆ. ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡು ಸುಮ್ಮನೆ ಬಸ್ಸಿಗೆ ಹೋಗುತ್ತಿದ್ದೆ.

ಮೊನ್ನೆ ಗುರುವಾರ ವರ್ನನ್‌ನ ಮನೆಗೆ ಹೋಗಿ ಹೇಳಿದೆ. ಅವನು ಕಿವಿಯ ಯಂತ್ರ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟ. “ಇನ್ನೊಂದ್ಸಲ ಹೇಳ್ಬೇಡ” ಅಂದ. ಎದ್ದು ಕಿಟಕಿಯ ಹತ್ತಿರ ಹೋದ. ಆಮೇಲೆ ನನ್ನ ಕಡೆ ತಿರುಗದೆಯೇ ಅಂದ:

“ಮೂವತ್ತು ವರ್ಷ ಆ ಹೆಂಗಸಿನ ಕಣ್ಣಲ್ಲಿ ನಾನು ಕಳ್ಳ ಆಗಿದ್ದೆನಲ್ಲೋ. ಬಸ್ ಸ್ಟಾಪಲ್ಲಿ ನಿಂತಿದ್ನಲ್ಲೋ ಅವತ್ತು. ನೀನೇ ಬಂದು ಹೇಳಿದ್ಯಲ್ಲೋ ಒಳಗೆ ಬರಬೇಡ ಅಂತ.”

ಯಂತ್ರಗಳು ಇನ್ನೂ ಮೇಜಿನ ಮೇಲೇ ಇದ್ದವು. ನಾನು ಏನಂದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಬಾಗಿಲ ತನಕ ಬಂದು, “ಮ್ಯಾಕ್ಸೀನ್‌ಗೆ ನೀನೇ ಬರಿ. ಅದು ನಿನ್ನ ಕೆಲಸ, ನನ್ನದಲ್ಲ” ಅಂದ. ಅವನ ವಿಳಾಸವನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ನನಗೆ ಉತ್ತರಿಸದಿದ್ದರೂ ಅವನಿಗೆ ಎರಡು ಸಾಲು ಬರಿ. ಪುಸ್ತಿಕೆಯನ್ನು ನಾನು ಬರೆಯುತ್ತಿಲ್ಲ. ಐದು ಆಲ್ಬಂಗಳ ಬಗ್ಗೆ ಬರೆದದ್ದನ್ನು ಅವನಿಗೇ ಕೊಟ್ಟು ಬಂದೆ. ಮುಂದಿನದು ಬೇರೆ ಯಾರಾದರೂ ಬರೆಯಲಿ.

ಚಳಿ ಹೆಚ್ಚುತ್ತಿದೆ, ಎದೆ ಬೆಚ್ಚಗಿಟ್ಟುಕೋ. ನೀನು ಎಷ್ಟು ಸಿಟ್ಟಾದರೂ, ಎಷ್ಟು ದಿನ ಸಿಟ್ಟಾಗಿದ್ದರೂ ಸರಿಯೇ, ಚೆನ್ನಾಗಿರು. ನಿನ್ನ ಮುಂದಿನ ದಿನಗಳು ಹಗುರವಾಗಿರಲಿ ಎಂದು ಹಾರೈಸಲು ನನಗೆ ಹಕ್ಕಿದೆಯೋ ಇಲ್ಲವೋ, ಹಾರೈಸುತ್ತೇನೆ.

ನಿನ್ನ ಅಣ್ಣ,
ಕ್ಲೈವ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನ್ನ ಕಿವಿಗೆ ಏನೂ ಕೇಳಿಸಿರಲಿಲ್ಲ. ತೊಂಬತ್ತೆರಡರ ಜುಲೈನಲ್ಲಿ ಕಾಲುವೆ ದಂಡೆಯಲ್ಲಿ ಮೀನು ಹಿಡಿಯುತ್ತ ಕೂತಿದ್ದಾಗ ಲೆನ್ನಿ ತಾನಾಗಿ ಎಡಗೈ ಚಾಚಿ ತೋರಿಸಿದ. ಬೆರಳು ನಡುಗುತ್ತಿದ್ದವು. “ಮ್ಯಾಕ್ಸೀನ್‌ಗೆ ಹೇಳ್ಬೇಡ ಕಣೋ, ಹೆದರ್ತಾಳೆ. ನಿನಗೊಬ್ಬನಿಗೇ ಹೇಳ್ತಿರೋದು. ರೆಕಾರ್ಡಲ್ಲಿ ಯಾರಿಗೂ ಗೊತ್ತಾಗಲ್ಲ, ಹಂಗೆ ಬಾರಿಸಿದೀನಿ” ಅಂದ. ಹೇಳಲ್ಲ ಅಂತ ಮಾತು ಕೊಟ್ಟೆ. ನಿನ್ನೆ ‘ಕಪ್ಪು ಹಿಮ’ವನ್ನು ಮೊದಲಿಂದ ಕೊನೆಯವರೆಗೆ ನಾಲ್ಕು ಸಲ ಹಾಕಿ ಕೇಳಿದೆ. ಒಂದು ಪೆಟ್ಟೂ ಹಿಂದೆ ಬಿದ್ದಿಲ್ಲ, ಮ್ಯಾಕ್ಸೀನ್. ಅವನು ನನ್ನನ್ನು ನಂಬಿ ಹೇಳದೇ ಇದ್ದಿದ್ದರೆ, ಅವನು ಬಾರಿಸಿದ್ದರಲ್ಲೆಲ್ಲ ಇದೇ ಶ್ರೇಷ್ಠ ಎಂದು ಬರೆಯುತ್ತಿದ್ದೆ. ಅದು ನಿಜವೂ ಆಗಿರುತ್ತಿತ್ತು.