ಏಳನೇ ಸಾಲಿನ ತಪ್ಪು

ಮನೆ, ಮಹಡಿಯ ಕೋಣೆ
ಮಾರ್ಚ್ ೪, ಸೋಮವಾರ

ಪ್ರೀತಿಯ ಯಜಮಾನರಿಗೆ,

ನಾಟಕ ಕಂಪನಿಯ ಜೊತೆ ಊರೂರು ಸುತ್ತುತ್ತಿರುವ ನಿಮ್ಮ ಗಂಟಲು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀರೋ, ಹೇಳುವವರು ಕೇಳುವವರು ಇಲ್ಲವೆಂದು ಐಸ್‌ಕ್ರೀಮಿಗೆ ಕೈ ಹಾಕಿದ್ದೀರೋ? ನಾನೂ ಮಗಳೂ ಚೆನ್ನಾಗಿದ್ದೇವೆ. ಆದರೆ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿದೆ.

ಮೊನ್ನೆ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. "ದಯವಿಟ್ಟು ಕಾಯಿರಿ" ಎಂದು ಒಂದು ರಾಗ ಹಾಕಿದರು. ನಮ್ಮ ಜೋಗುಳ! ಮಗಳು ಹುಟ್ಟಿದ ವರ್ಷ ನಾನು ತೊಟ್ಟಿಲ ಪಕ್ಕ ಗುನುಗಿದ್ದು, ನೀವು ಅದಕ್ಕೆ ಪಿಟೀಲು ಸೇರಿಸಿ "ಇದು ನಮ್ಮಿಬ್ಬರ ಹೆಸರಲ್ಲೇ ಹೋಗ್ಬೇಕು ಕಣೇ" ಎಂದದ್ದು. ಯಾರೋ ಅಂಥದ್ದೇ ಇನ್ನೊಂದು ಮಾಡಿರಬಹುದು ಎಂದುಕೊಂಡೆ. ಆದರೆ ಏಳನೇ ಸಾಲಿನಲ್ಲಿ ರಾಗ ತಟ್ಟನೆ ನಿಂತು, ಉಸಿರು ಎಳೆದುಕೊಂಡು ಮುಂದೆ ಹೋಯಿತು. ಈಗ ಬೈಯಬೇಡಿ, ಆ ಬಿಡುವು ನೀವು ಬರೆದದ್ದಲ್ಲ. ನಿಮ್ಮ ಕೋಳಿಕಾಲಿನ ಬರಹದಿಂದ ನಾನು ಶುದ್ಧಪ್ರತಿ ತೆಗೆಯುವಾಗ ಹಾಲು ಉಕ್ಕಿತು. ಎದ್ದು ಹೋಗಿ ಬಂದು ಕೂತವಳು ಒಂದು ಸ್ವರ ನುಂಗಿಬಿಟ್ಟೆ. ಅಂದಮೇಲೆ ಕದ್ದವರು ಕದ್ದದ್ದು ನನ್ನ ಪ್ರತಿಯಿಂದಲೇ.

ನಾನು ತೆಗೆದದ್ದು ಎರಡೇ ಪ್ರತಿ. ಒಂದು ನಿಮ್ಮ ಜೊತೆಗಿರುವ ಪೆಟ್ಟಿಗೆಯಲ್ಲಿದೆ, ಅದು ಭದ್ರ. ಇನ್ನೊಂದು ಸಂಘದ ಬೀರುವಿನಲ್ಲಿ. ನೀವು ನಾಲ್ವರು ಸಂಯೋಜಕರು ಸೇರಿ ಕಟ್ಟಿದ ಸಂಘ. ಯಾರ ರಾಗ ಎಲ್ಲಿ ನುಡಿದರೂ ರಾಯಧನ ಎಲ್ಲರಿಗೂ ಹಂಚಬೇಕು, ಯಾರೂ ಒಂಟಿಯಾಗಿ ಮಾರಬಾರದು ಎಂದು ನಿಯಮ ಬರೆದವರೇ ನೀವು. ಬೀರುವಿನ ಕೀಲಿ ಯಾರ ಸೊಂಟದಲ್ಲಿದೆ? ನಿಮ್ಮ ಪ್ರಾಣಸ್ನೇಹಿತ ಕಾರ್ಯದರ್ಶಿಯ ಸೊಂಟದಲ್ಲಿ! ಒಂದು ತಿಂಗಳಿಂದ ಆ ಮನುಷ್ಯ ಮೆಟ್ಟಿಲಲ್ಲಿ ನನ್ನನ್ನು ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಹೊಸ ಸ್ಕೂಟರ್ ಬೇರೆ ಬಂದಿದೆ. ನಿನ್ನೆ ತಡೆಯಲಾಗದೆ ನಾಲ್ಕು ಜನರ ಎದುರಿಗೇ ಕೇಳಿಬಿಟ್ಟೆ, "ನಮ್ ಜೋಗುಳ ಯಾರಿಗ್ ಮಾರಿದ್ರಿ?" ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮುಖ ಬಿಳಿಚಿಕೊಂಡಿತು. "ಅಕ್ಕಾ, ಅವ್ರು ಬರ್ಲಿ, ಆಮೇಲ್ ಮಾತಾಡೋಣ" ಎಂದರು. ನೀವು ಬಂದಮೇಲೆ ನಿಮ್ಮನ್ನು ಬೆಣ್ಣೆ ಹಚ್ಚಿ ಒಲಿಸಿಕೊಳ್ಳುವ ಉಪಾಯ, ನನಗೆ ಗೊತ್ತಾಗುವುದಿಲ್ಲವೇ? ನಾಳೆ ಉಳಿದಿಬ್ಬರನ್ನು ಕರೆದು ಕೀಲಿ ಕಿತ್ತುಕೊಳ್ಳಲು ಹೇಳುತ್ತೇನೆ. ನೀವೂ ಎರಡು ಸಾಲು ಗಟ್ಟಿಯಾಗಿ ಬರೆದು ಕಳಿಸಿ. ಸ್ನೇಹ ಗೀಹ ಎಂದು ಮೆತ್ತಗಾಗಬೇಡಿ.

ಮಗಳು ಬಿದ್ದ ಹಲ್ಲನ್ನು ನಿಮಗೆ ತೋರಿಸಲೆಂದು ಡಬ್ಬಿಯಲ್ಲಿಟ್ಟು ಕಾಯುತ್ತಿದ್ದಾಳೆ. ಮೈ ಕಡೆ ಗಮನವಿರಲಿ.

ಇಂತಿ ನಿಮ್ಮವಳೇ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಾರ್ಯದರ್ಶಿ ಬಂದರು. ಬೀರುವಿನ ಪ್ರತಿಯ ಮೊಹರೂ ಒಡೆದಿಲ್ಲ. ಫೋನಿಗೆ ರಾಗ ಹಾಕುವ ಕಂಪನಿಯವರು ಸಂಘಕ್ಕೆ ಕಳಿಸಿದ ಮಾರಾಟಪತ್ರ ತೋರಿಸಿದರು. ತಿಂಗಳಿಂದ ಗೊತ್ತಿತ್ತಂತೆ, ನನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲವಂತೆ. ಸಹಿ ನಿಮ್ಮದು. ಸಂಯೋಜನೆ ಎಂಬಲ್ಲಿ ನಿಮ್ಮ ಹೆಸರೊಂದೇ. ನನ್ನ ಹೆಸರೂ ಇದೆ, ಕೆಳಗೆ, "ನಕಲು ಬರೆದವರು" ಎಂದು. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ಓದಿ. ಅವರ ಬಳಿ ಕ್ಷಮೆ ಕೇಳಿದೆ. ನಿಮ್ಮ ಬಳಿ ಏನು ಕೇಳಬೇಕೋ ತಿಳಿಯುತ್ತಿಲ್ಲ.