ಇವರ ಮೊದಲ ವಾಕ್ಯ

೧೧ ಮಾರ್ಚ್, ಮಂಗಳವಾರ

ಲಕ್ವ ಹೊಡೆದು ಏಳು ತಿಂಗಳಾದ ಮೇಲೆ ಇವರು ಇಂದು ಒಂದು ಪೂರ್ತಿ ವಾಕ್ಯ ಆಡಿದರು.

ಮಾತು ಕಲಿಸುವ ಹುಡುಗಿ, ಹೆಂಗಸೊಬ್ಬಳು ಗಿಡಕ್ಕೆ ನೀರೆರೆಯುವ ಚಿತ್ರ ತೋರಿಸಿ, "ಇವ್ರೇನ್ ಮಾಡ್ತಿದಾರೆ ಸರ್?" ಎಂದಳು. ಇವರು "ನೀ... ನೀ..." ಎಂದು ಬೆವರಿದರು. ನೋಡಲಾರದೆ ನಾನೇ "ನೀರು" ಎಂದೆ. ತಟ್ಟನೆ ನನ್ನತ್ತ ತಿರುಗಿ, ಒಂದಕ್ಷರವೂ ತೊದಲದೆ ಅಂದರು: "ನಿಂಗೇನ್ ಗೊತ್ತು, ಬಾಯ್ಮುಚ್ಕೊಂಡ್ ಕೂತ್ಕೋ."

ಹುಡುಗಿ ಚಪ್ಪಾಳೆ ತಟ್ಟಿದಳು. "ಅರ್ಥ ಬಿಡಿ ಮೇಡಂ, ವಾಕ್ಯ ಎಷ್ಟ್ ನೀಟಾಗಿ ಬಂತು!"

ಇಪ್ಪತ್ತೆಂಟು ವರ್ಷ ಕೇಳಿ ಕೇಳಿ ಕಿವಿ ತೂತಾದ ಮಾತು. ಎಲ್ಲ ಮರೆತ ನಾಲಿಗೆ ಅದೊಂದನ್ನು ಜೋಪಾನವಾಗಿ ಇಟ್ಟುಕೊಂಡಿತ್ತು.

ಸುದ್ದಿ ತಿಳಿದ ಮಗಳು ಸಂಜೆ ಫೋನ್ ಮಾಡಿ, "ಅಪ್ಪ ಏನಂದ್ರಮ್ಮಾ?" ಎಂದು ಕೇಳಿದಳು.

"ನನ್ ಹೆಸರು ಹೇಳಿದ್ರು" ಎಂದೆ.

ಅವಳು ಖುಷಿಗೆ ಅತ್ತೇಬಿಟ್ಟಳು. ನನಗೆ ಅಳುವೂ ಬರಲಿಲ್ಲ.